ಗಾಳಿ ತಿರುಗುವ ಹೊತ್ತು

ಹೇಗೆ ಶುರು ಮಾಡಿದಿ ಅಜ್ಜಾ, ಅಂತ ಕೇಳಿದೆಯಲ್ಲ ತುಳಸೀ,
ಬಿಲ್ಲಿನಿಂದ ಅಲ್ಲ.
ಮೊದಲ ವರ್ಷ ಬುಧು ಮಾವ ನನ್ನ ಕೈಗೆ ಕೊಟ್ಟದ್ದು
ಒಂದು ಹಿಡಿ ಬೂದಿ.
ಬೆರಳು ಸಡಿಲಿಸು, ಬೀಳಿಸು, ಎತ್ತ ಹೋಯ್ತು ಹೇಳು.
ಇಷ್ಟೇ ಪಾಠ. ಬೆಳಗ್ಗೆ, ಮಟಮಟ ಮಧ್ಯಾಹ್ನ,
ಮತ್ತೆ ದೀಪ ಹಚ್ಚುವಾಗ.

ಅವರ್ಸೆಯಲ್ಲಿ ಗಾಳಿಗೆ ಎರಡು ಮನೆ.
ರಾತ್ರಿಯಿಡೀ ಬೆಟ್ಟದಿಂದಿಳಿದು ಕಡಲಿಗೆ ಹೋಗುತ್ತದೆ,
ತಣ್ಣಗೆ, ಬರಿಗಾಲಲ್ಲಿ.
ಬಿಸಿಲೇರಿ ಮರಳು ಕಾದಮೇಲೆ
ಒಣಮೀನಿನ ವಾಸನೆ ಹೊತ್ತು ವಾಪಸು ಹತ್ತುತ್ತದೆ.
ನಡುವೆ ಒಂದು ಹೊತ್ತು, ಕವಳ ಹಾಕಿ ಉಗುಳುವಷ್ಟು,
ಎಲ್ಲಿಯೂ ಇರುವುದಿಲ್ಲ.
ಆಗ ಬಿಡಬೇಡ, ಅಂದಿದ್ದ ಮಾವ.
ನಿನ್ನ ಬೆವರು ಯಾರ ಮನೆಗೆ ಹೋಗುತ್ತದೋ
ಗಾಳಿಗೇ ಗೊತ್ತಿರುವುದಿಲ್ಲ.

ಎರಡನೆಯ ವರ್ಷ ಬಿಲ್ಲು ಬಂತು: ಬೈನೆಯ ಸೀಳು,
ಎಡಮುರಿ ನಾರಿನ ಹೆದೆ, ಬಾಣದ ಬಾಲಕ್ಕೆ ಹುಂಜದ ಗರಿ.
ಹದಿನೆಂಟು ಹೆಜ್ಜೆ ದೂರಕ್ಕೆ ಬಾಳೆದಿಂಡು.
ಹತ್ತೊಂಬತ್ತು ಬೇಡವೇ, ಅಂದೆ.
ಹತ್ತೊಂಬತ್ತನೆಯದು ನಿನ್ನದಲ್ಲ, ಅದರದ್ದು, ಅಂದ.
ದಿಂಡು ಕೊಳೆತು ನೊಣ ಕೂರುವ ತನಕ ಹೊಡೆದೆ.

ಕಾಯ್ದೆ ಗೀಯ್ದೆ ಇನ್ನೂ ಬಂದಿರದ ಕಾಲ ಅದು.
ಶೇಂಗಾ ಗದ್ದೆಯ ಅಂಚು, ಗೇರುಗಿಡದ ಬುಡ,
ಕಾಲು ಜೋಮು ಹಿಡಿದು ಮರವಾಗಿತ್ತು ನನಗೆ.
ಚಿಗರೆ ತಡವಾಗಿ ಬಂತು, ಒಂಟಿ ಗಂಡು,
ಬಾಯಲ್ಲಿ ಮಣ್ಣು ಸಮೇತ ಬೇರು.
ಹದಿನಾರು ಹೆಜ್ಜೆ. ಎಣಿಸಿದೆ.
ಬೂದಿ ಮಾತ್ರ ಬೀಳಿಸಲಿಲ್ಲ.
ಕೆನ್ನೆಯ ಮೇಲೆ ಗಾಳಿ ನಿಂತದ್ದು ಗೊತ್ತಾಗಿತ್ತು,
ಗೊತ್ತಾಗಿಯೂ ಬಿಟ್ಟೆ.
ಅದು ತಲೆಯೆತ್ತಿತು, ತಿರುಗಿತು,
ಪಕ್ಕೆಗೆ ಹೋಗಬೇಕಾದ್ದು ಹೊಟ್ಟೆಗೆ ಹೋಯಿತು.

ಓಡಹೊರಟವನ ಪಂಚೆ ಹಿಡಿದು ಎಳೆದ ಮಾವ.
ಕೂತ್ಕೋ. ಬೆನ್ನು ಹತ್ತಿದರೆ ಅದು ಘಟ್ಟ ಹತ್ತುತ್ತದೆ.
ಕೂತೆ. ಸೂರ್ಯ ತೆಂಗಿನ ತಲೆ ದಾಟುವವರೆಗೆ,
ಕೆಳಗೆ ದೋಣಿಗಳೆಲ್ಲ ಬಂದು ಹರಾಜು ಮುಗಿಯುವವರೆಗೆ.
ಬೇಟೆಯಲ್ಲಿ ಕಾಯುವುದು ಎರಡು ಥರ, ತುಳಸೀ.
ಬಾಣಕ್ಕೆ ಮೊದಲಿನದು ಎಲ್ಲರಿಗೂ ಬರುತ್ತದೆ.

ಹಸಿರು ಬೆರೆತ ರಕ್ತ, ಎಲೆಗೊಂದು ಹನಿ,
ಆಮೇಲೆ ಹತ್ತು ಎಲೆಗೊಂದು.
ಹಳ್ಳದ ಕೇದಗೆಯ ಹಿಂದೆ ಮಲಗಿತ್ತು, ಉಸಿರಿತ್ತು.
ಮಾವ ಕತ್ತಿ ನನ್ನ ಕೈಗಿಟ್ಟು
ಅತ್ತ ತಿರುಗಿ ನೀರು ಕುಡಿಯಲು ಹೋದ.

ಹನ್ನೊಂದು ಮನೆಗೆ ಹನ್ನೊಂದು ಎಲೆ,
ಕೇರಿಯ ನಾಯಿಗೂ ಒಂದು ಪಾಲು.
ನನ್ನ ಎಲೆಗೆ ಮಾವ ಹುಡುಕಿ ಹಾಕಿದ್ದು
ಬಾಣ ಹೊಕ್ಕ ಜಾಗ. ಹೊಟ್ಟೆ ಒಡೆದ ನಾತ
ಯಾವ ಮಸಾಲೆಗೂ ಹೋಗಿರಲಿಲ್ಲ.
ಪೂರ್ತಿ ತಿನ್ನು, ಅಂದ. ತಿಂದೆ.

ಮತ್ತೆ ಹೊಡೆದೆನೋ ಇಲ್ಲವೋ ಕೇಳಬೇಡ.
ಕಾಯ್ದೆ ಬಂತು. ಬಿಲ್ಲು ಹೀರೆಬಳ್ಳಿಗೆ ಊರುಗೋಲಾಯಿತು,
ಗೆದ್ದಲಿಗೆ ಊಟವಾಯಿತು.

ಇವತ್ತು ಕಾರವಾರದ ಮೈದಾನಕ್ಕೆ ಕರೆದುಕೊಂಡು ಬಂದೆ,
ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ.
ಗಾಲಿ, ತಂತಿ, ದುರ್ಬೀನು, ನಿನ್ನ ಬಿಲ್ಲು ಒಂದು ಸೈಕಲ್ಲಿನ ಹಾಗೆ.
ಐವತ್ತು ಮೀಟರ್, ಅಂದೆ. ನಕ್ಕೆ ನಾನು.
ತಪ್ಪಿದರೆ ಹಾಳೆಯಲ್ಲಿ ಒಂದು ‘ಎಂ’ ಬರೆಯುತ್ತಾರಂತೆ,
ಅಷ್ಟೇ ಅಂತೆ.

ಆದರೆ ಈಗ ಹತ್ತು ಗಂಟೆ.
ಗುರಿಹಲಗೆಯ ಮೇಲಿನ ಬಟ್ಟೆತುಂಡು
ಕಡಲ ಕಡೆಗೆ ಹಾರುತ್ತಿದ್ದದ್ದು ಜೋತುಬಿತ್ತು.
ನೀನು ಹೆದೆ ಎಳೆದಿದ್ದಿ.
ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ,
ಬಾಯಿಂದ ಮಾವ ಹೊರಬಿದ್ದ:
ಈಗ ಬಿಡಬೇಡ.

ಜನ ತಿರುಗಿ ನೋಡಿದರು. ನೀನು ನೋಡಲಿಲ್ಲ.
ಹೆದೆ ಇಳಿಸಿದೆ.
ಕೆಂಪು ಗಡಿಯಾರ ಹಿಂದಕ್ಕೆ ಎಣಿಸುತ್ತಿದೆ, ಮೂವತ್ತು, ಇಪ್ಪತ್ತೊಂಬತ್ತು,
ಉಳಿದ ಹುಡುಗಿಯರ ಬಾಣ ಟಪ್ ಟಪ್ ಬೀಳುತ್ತಿವೆ.
ನೀನು ಕೆನ್ನೆ ಒಡ್ಡಿ ನಿಂತಿದ್ದೀಯ.